ಕಟಿಂಗ್ ಶಾಪಿನ ಅಬ್ರಹಾಮ

ನಮ್ಮ ಬೀದಿಯ ಕಟಿಂಗ್ ಶಾಪಿನ ತಾತನಿಗೆ ಬೈಬಲಿನಲ್ಲಿ ಪೂರ್ತಿ ಬರುವುದು ಒಂದೇ ಕಥೆ: ದೇವರ ಮಾತು ನಂಬಿ ಅಬ್ರಹಾಮ ಹೆತ್ತ ಮಗನನ್ನೇ ಬಲಿ ಕೊಡಲು ಬೆಟ್ಟ ಹತ್ತಿಸಿದ್ದು, ಕೊನೇ ಗಳಿಗೆಯಲ್ಲಿ ದೇವದೂತ ತಡೆದು ಮಗನ ಬದಲು ಟಗರು ತೋರಿಸಿದ್ದು. ನಲವತ್ತು ವರ್ಷದಿಂದ ಮಿಸುಕಾಡುವ ಮಕ್ಕಳನ್ನೆಲ್ಲ ಅವರು ಪಳಗಿಸಿರುವುದು ಅದರಿಂದಲೇ. ಅಬ್ರಹಾಮ ಚಾಕು ಎತ್ತಿದ ಎಂದು ಹೇಳಿ ಬಾಯಿ ಮುಚ್ಚಿಬಿಡುತ್ತಾರೆ. ಮಗು ಉಸಿರು ಬಿಗಿಹಿಡಿದು ಕೂರುವಷ್ಟರಲ್ಲಿ ಕಿವಿಯ ಪಕ್ಕದ ಕೂದಲು ಮುಗಿದಿರುತ್ತದೆ.

ನಿನ್ನೆ ಕುರ್ಚಿಗೆ ಅಡ್ಡ ಇಟ್ಟ ಹಲಗೆಯ ಮೇಲೆ ಕೂತವಳು ನನ್ನ ನಾಲ್ಕು ವರ್ಷದ ಮಗಳು. ಅಬ್ರಹಾಮ ಚಾಕು ಎತ್ತಿದ ಎಂದು ಕಥೆ ನಿಲ್ಲಿಸಿ ತಾತ ಅವಳ ಕತ್ತಿನ ಹತ್ತಿರ ಕ್ಷೌರದ ಕತ್ತಿ ತಂದದ್ದೇ ನಾನು ಕುರ್ಚಿ ಬಿಗಿಹಿಡಿದು ಕಿರುಚಿದೆ.

"ತಾತ, ಬ್ಲೇಡು ಹೊಸದು ತಾನೆ? ಕೈ ನಡುಗ್ತಿದೆಯಲ್ಲ?"

"ನಡುಗ್ತಿರೋದು ನೀನು ಹಿಡ್ಕೊಂಡಿರೋ ಕುರ್ಚಿ, ತಾಯಿ."

"ಆ ಹುಡುಗನ ಅಮ್ಮ ಎಲ್ಲಿದ್ಲು?" ಎಂದಳು ಮಗಳು.

"ಮನೇಲಿ, ಪುಟ್ಟಿ. ಅವಳೂ ಹೋಗಿದ್ರೆ ತಡೆಯೋಕೆ ದೇವದೂತ ಯಾಕೆ ಬೇಕಿತ್ತು? ನಿಮ್ಮಮ್ಮನ ಥರ ಕಿರುಚಿ ಕಿರುಚಿ ಅವಳೇ ಎಲ್ಲರನ್ನೂ ಬೆಟ್ಟ ಇಳಿಸ್ತಿದ್ಲು. ಈಗ ಬಲಿಗೆ ಟಗರು ಸಿಕ್ತು, ಅಗೋ ಪೊದೆ ಒಳಗೆ. ಬಗ್ಗಿ ನೋಡು."

ಮಗಳು ಬಗ್ಗಿದಳು. ಕತ್ತು ನುಣ್ಣಗಾಯಿತು, ಒಂದು ಗೀರೂ ಇಲ್ಲ.

"ನೀನು ಏಳು ತಾಯಿ," ಎಂದರು ತಾತ. "ನಿನಗೆ ಕಟಿಂಗ್ ಇಲ್ಲ."

ನಾನೂ ಬಗ್ಗಿ ಟಗರು ಹುಡುಕುತ್ತಿದ್ದೆ.