ಎದುರಾಳಿ ಕಲಿಸಿದ ತಾಳ

ಮನೆ ತೋರಿಸುವ ಮೊದಲೇ ರತ್ನವ್ವ ಕೇಳಿದ್ದು ಒಂದೇ ಪ್ರಶ್ನೆ: "ಹೇಳವಾ ತಂಗಿ, ಗಂಡು ಹೆಚ್ಚೋ, ಹೆಣ್ಣು ಹೆಚ್ಚೋ?"

ಮೈಸೂರಿನಿಂದ ರಾತ್ರಿಯಿಡೀ ಕೂತು ಬಂದವಳು ನಾನು. ಮುಂಡರಗಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆ, ಮುಂಗಡ, ನೀರು ಬಿಡುವ ದಿನ, ಇಷ್ಟಕ್ಕೆ ಮಾತ್ರ ತಯಾರಾಗಿದ್ದೆ. "ಇಬ್ಬರೂ ಸಮಾನ" ಅಂದೆ. ರತ್ನವ್ವನ ಮುಖ ಬಾಡಿತು.

"ಎಲ್ಲಾರೂ ಹಂಗಂದ್ರ ಹಾಡು ಎಲ್ಲಿಂದ ಹುಟ್ಟಬೇಕು?" ಅಂದು ಬೀಗದ ಕೈ ಕೊಟ್ಟರು.

ಮೊದಲ ವಾರ ದಿನಚರಿಯಲ್ಲಿ ಬರೆದ ಲೆಕ್ಕ ಹೀಗಿದೆ: ಕಲಿತ ಹೊಸ ಮಾತು ಹನ್ನೆರಡು, ತಟ್ಟುವಾಗ ಹರಿದ ಜೋಳದ ರೊಟ್ಟಿ ಏಳು, ಗೆಳೆಯರು ಸೊನ್ನೆ. ಸಂಜೆ ಲ್ಯಾಬಿನಿಂದ ಬಂದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಗೋಡೆಯ ಆಚೆ ರತ್ನವ್ವ ದಪ್ಪು ಎಂಬ ಚರ್ಮವಾದ್ಯ ಬಡಿಯುತ್ತ ಒಬ್ಬರೇ ಹಾಡುತ್ತಿದ್ದರು. ಹಾಡಿ, ಯಾರೋ ದನಿಗೂಡಿಸಲಿ ಎನ್ನುವಂತೆ ತುಸು ನಿಲ್ಲಿಸಿ, ಮತ್ತೆ ಹಾಡುತ್ತಿದ್ದರು.

ಅದು ಗೀಗೀ ಪದ. ಹೆಣ್ಣೇ ಹೆಚ್ಚು ಎಂದು ವಾದಿಸುವ ಮೇಳ ನಾಗೇಶಿ, ಗಂಡೇ ಹೆಚ್ಚು ಎನ್ನುವುದು ಹರದೇಶಿ. ಎರಡೂ ಎದುರುಬದುರು ನಿಂತು ಪದದಲ್ಲೇ ಸವಾಲು ಹಾಕಬೇಕು, ಪದದಲ್ಲೇ ಜವಾಬು ಕೊಡಬೇಕು. ರತ್ನವ್ವ ನಾಗೇಶಿ. ಅವರ ಹಿಂದೆ ನಿಂತು "ಗೀಯ ಗೀಯ" ಎಂದು ದನಿಗೂಡಿಸುತ್ತಿದ್ದ ಇಬ್ಬರಲ್ಲಿ ಒಬ್ಬಳು ಮದುವೆಯಾಗಿ ಪುಣೆ ಸೇರಿದ್ದಳು. ಹಿಮ್ಮೇಳ ಪೂರ್ತಿಯಿಲ್ಲದ ಮೇಳವನ್ನು ಕಣಕ್ಕೆ ಕರೆಯುವುದಿಲ್ಲ. ಹುಣ್ಣಿಮೆಗೆ ಹಮ್ಮಿಗಿಯಲ್ಲಿ ಹಾಡಿಕೆ ಇತ್ತು. ಈ ಸಲವೂ ತಪ್ಪಿದರೆ ಜನ ಬೇರೆ ಮೇಳ ಹುಡುಕಿಕೊಳ್ಳುತ್ತಾರೆ ಎಂಬ ಚಿಂತೆ ಅವರಿಗೆ.

ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದವರು ದಸ್ತಗೀರಸಾಬ್. ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾರೆ, ಹರದೇಶಿ ಹಾಡುತ್ತಾರೆ. ರತ್ನವ್ವನ ಎದುರಾಳಿ.

"ಯವ್ವಾ, ಆಕಿ ಹಿಂದ ನೀ ನಿಂದ್ರಬೇಕು. ತಾಳ ನಾ ಕಲಸ್ತೀನಿ."

"ನಿಮ್ಮನ್ನು ಸೋಲಿಸೋಕೆ ನೀವೇ ಕಲಿಸ್ತೀರಾ?"

"ಆಕಿ ಇಲ್ದಿದ್ರ ನಾ ಯಾರ್ನ ಬಯ್ಲಿ? ಹೊಲಿಗಿ ಮಿಶಿನ್ನ?"

ಗೋಡೆಯ ಆಚೆಯಿಂದ ರತ್ನವ್ವ, "ಬರೋಬ್ಬರಿ ಕಲಸೋ ದಸ್ತಗೀರಣ್ಣ. ಆಮ್ಯಾಲ ಸೋತೆ ಅಂತ ಅಳಬ್ಯಾಡ" ಅಂದರು.

ನಾನು ಬೆಳೆದ ಮನೆಯಲ್ಲಿ ಜಗಳವೆಂದರೆ ಮಾತು ನಿಲ್ಲುವುದು. ಅಡುಗೆಮನೆಯ ಪಾತ್ರೆಯ ಸದ್ದಿನಲ್ಲೇ ಯಾರ ಮೇಲೆ ಯಾರಿಗೆ ಸಿಟ್ಟು ಎಂದು ತಿಳಿಯಬೇಕು. ನಾನು ನೋಡಿದ ಸಿನಿಮಾಗಳಲ್ಲೂ ಎರಡು ಬಣವಿದ್ದರೆ ಕೊನೆಯ ಹೊತ್ತಿಗೆ ಒಂದು ಬಣ ನೆಲ ಕಚ್ಚಲೇಬೇಕು. ಇಲ್ಲಿ ನೋಡಿದರೆ ವೈರಿ ಚಹಾ ಕುಡಿಯುತ್ತ ನನ್ನ ಬೆರಳು ತಿದ್ದುತ್ತಿದ್ದರು. ಅಭ್ಯಾಸಕ್ಕೆಂದು ಅವರು ಹಾಡುತ್ತಿದ್ದುದು ತಮ್ಮದೇ ಹರದೇಶಿ ಪದ. ನಾನು ಅದಕ್ಕೇ ದನಿಗೂಡಿಸಿ ಕಲಿತೆ. ಅದರ ಪರಿಣಾಮ ಏನೆಂದು ನಮ್ಮ ಮೂವರಿಗೂ ಹೊಳೆಯಲಿಲ್ಲ.

ಹಮ್ಮಿಗಿಯಲ್ಲಿ ಮಧ್ಯಾಹ್ನವೇ ಜನ ಸೇರಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ದಸ್ತಗೀರಸಾಬ್ ಕೈಯೆತ್ತಿ ಸವಾಲು ಹಾಕಿದರು:

"ಬೀಜ ಇಲ್ಲದ ಹೊಲ ಹಸರಾದೀತೇನ
ಗಂಡ ಇಲ್ಲದ ಮನಿಗೆ ಹೆಸರೈತೇನ"

ಅವರ ಹಿಮ್ಮೇಳ "ಗೀಯ ಗೀಯ" ಎಂದಿತು. ಎದುರಿನ ಮೇಳದಲ್ಲಿದ್ದ ನಾನೂ ಎಂದೆ, ಎಲ್ಲರಿಗಿಂತ ಜೋರಾಗಿ. ಕಲಿತ ಬಾಯಿ ತಾನಾಗಿ ತೆರೆದುಕೊಂಡಿತ್ತು.

ಗಂಡಸರ ಕಡೆಯಿಂದ ಸೀಟಿ ಬಿತ್ತು. "ರತ್ನವ್ವಾ, ನಿನ್ನ ಮಂದಿನ ಒಪ್ಪಿಬಿಟ್ರಲ್ಲಬೇ, ಆತು, ಗಂಟು ಕಟ್ಟು" ಎಂದು ಯಾರೋ ಕೂಗಿದರು. ಎಷ್ಟೋ ದಿನ ಕಾದು ಬಂದ ಕಣವನ್ನು ನಾನೇ ಮುಳುಗಿಸಿದ್ದೆ. ರತ್ನವ್ವ ನನ್ನ ಕಡೆ ತಿರುಗಲಿಲ್ಲ. ದಪ್ಪನ್ನು ಸೊಂಟಕ್ಕೆ ಒತ್ತಿ, ಎರಡು ಹೆಜ್ಜೆ ಮುಂದೆ ಹೋಗಿ, ಅಲ್ಲೇ ಕಟ್ಟಿ ಹಾಡಿದರು:

"ಹೆಣ್ಣಿಗಿಂತ ನಾ ಹೆಚ್ಚಂತ ಹಾಡಿದಿ
ಹೆಣ್ಣಿನ ದನಿ ಕಡ ತಂದು ಹಾಡಿದಿ"

ಹೆಂಗಸರ ಕಡೆ ಎದ್ದ ಗದ್ದಲಕ್ಕೆ ಮುಂದಿನ ಸಾಲು ಕೇಳಲೇ ಇಲ್ಲ. ಈ ಸಲ ಸರಿಯಾದ ಕಡೆಗೆ ದನಿಗೂಡಿಸಿದೆ. ಜವಾಬು ಹುಡುಕಬೇಕಾದ ದಸ್ತಗೀರಸಾಬ್ ನಗು ತಡೆಯಲಾರದೆ ದಪ್ಪಿನ ಹಿಂದೆ ಮುಖ ಮರೆಸಿಕೊಂಡರು.

ಕೊನೆಗೆ ಯಾರು ಗೆದ್ದರೆಂದು ಯಾರೂ ಹೇಳಲಿಲ್ಲ. ಹೇಳುವ ಪದ್ಧತಿಯೇ ಇಲ್ಲ. ಎರಡೂ ಮೇಳ ಒಂದೇ ಸಾಲಿನಲ್ಲಿ ನಿಂತು ಮಂಗಳ ಹಾಡಿದವು.

ಹೊತ್ತು ಮುಳುಗುವ ಮೊದಲೇ ಎಲ್ಲರೂ ಒಂದೇ ಟಂಟಂನಲ್ಲಿ ಹೊರಟೆವು. ಟಂಟಂ ಎಂದರೆ ಹತ್ತು ಜನ ಹಿಡಿಸುವ, ಹದಿನಾರು ಜನ ಕೂರುವ ಮೂರು ಗಾಲಿಯ ಗಾಡಿ. ನನ್ನ ತೊಡೆಯ ಮೇಲೆ ಎರಡೂ ಮೇಳದ ದಪ್ಪು. ಅಷ್ಟರಲ್ಲಿ ಅಮ್ಮನ ಫೋನು, ಗಾಡಿಯ ಸದ್ದಿಗೆ ಸ್ಪೀಕರಿನಲ್ಲಿ ಹಾಕಿದೆ: ಮುಂದಿನ ಹುಣ್ಣಿಮೆಗೆ ಮನೆಯಲ್ಲಿ ಪೂಜೆ, ಬರಲೇಬೇಕು.

"ಆವತ್ತ ಲಕ್ಷ್ಮೇಶ್ವರದಾಗ ಹಾಡಿಕಿ ಐತಿ" ಅಂದರು ರತ್ನವ್ವ.

"ತಾಯಿ ಕರದಾಗ ಹೋಗ್ಬೇಕಕ್ಕ" ಅಂದರು ದಸ್ತಗೀರಸಾಬ್.

"ನೋಡ್ರಿ, ತಾಯಿನ ಹೆಚ್ಚು ಅಂತ ಇವನ ಬಾಯಿಲೆ ಬಂತು."

ಹದಿನಾರೂ ಜನ ನಕ್ಕರು. ಫೋನಿನಲ್ಲಿ ಅಮ್ಮ, "ಯಾರೇ ಅದು, ಏನು ಗಲಾಟೆ? ಬರ್ತೀಯೋ ಇಲ್ವೋ?" ಎಂದು ಕೇಳುತ್ತಲೇ ಇದ್ದಳು. ಮೈಸೂರಿನ ಮನೆಯ ಅಂಗಳದ ರಂಗೋಲಿ ಕಣ್ಣ ಮುಂದೆ ಬಂತು, ನಿಜವಾಗಿಯೂ ಹೋಗಬೇಕೆನಿಸಿತು. ಬೆರಳು ಮಾತ್ರ ದಪ್ಪಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಅಮ್ಮನಿಗೆ, "ಒಂದು ನಿಮಿಷ ಇರಮ್ಮ, ಇಲ್ಲಿ ಇನ್ನೂ ಜವಾಬು ಮುಗಿದಿಲ್ಲ" ಅಂದೆ.