ಮೊದಲ ತಟ್ಟೆ

ಹಬೆಯಲ್ಲಿ ಬೆಂದ ಒದ್ದೆ ಬಟ್ಟೆಗೆ ಒಂದು ವಾಸನೆಯಿದೆ. ಇಡ್ಲಿಯ ಹುಳಿ ಪರಿಮಳ ಆಮೇಲೆ ನಿಧಾನವಾಗಿ ಬರುತ್ತದೆ. ಮೊದಲು ಮೂಗಿಗೆ ಬಡಿಯುವುದು ನೂರಾರು ಸಲ ಒಗೆದು, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ ಹಾಸಿದ ಹತ್ತಿ ಬಟ್ಟೆಯ ವಾಸನೆ. ಕಳೆದ ವರ್ಷ ಐರೋಳಿಯಲ್ಲಿರುವ ಮಗಳ ಫ್ಲ್ಯಾಟಿನಲ್ಲಿ, ನನ್ನ ಹಳೆಯ ಸೀರೆಯೊಂದರ ತುಂಡನ್ನು ಇಡ್ಲಿ ತಟ್ಟೆಗೆ ಹಾಸಿ ಬೇಯಿಸಿ ಮುಚ್ಚಳ ತೆಗೆದೆ ನೋಡಿ, ಅರವತ್ತು ದಾಟಿದ ಹೆಂಗಸು ನಾನು, ಒಂದು ಗಳಿಗೆ ಶಹಾಡಿನ ಆರು ವರ್ಷದ ಹುಡುಗಿಯಾಗಿ ಅಲ್ಲೇ ನಿಂತುಬಿಟ್ಟೆ. ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು, ಒರೆಸಿಕೊಳ್ಳಲು ಒಂದು ನೆಪ ಸಿಕ್ಕಿತು.

ಮುಂಬಯಿಯಾಚೆ ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ ನಮ್ಮ ಹೋಟೆಲಿತ್ತು. ಮುಂದೆ ಹೋಟೆಲು, ಹಿಂದೆ ಎರಡು ಕೋಣೆಯ ಮನೆ, ನಡುವೆ ಎಂದೂ ಸರಿಯಾಗಿ ಮುಚ್ಚದ ಒಂದು ಬಾಗಿಲು. ಉಡುಪಿಯಿಂದ ಬಂದ ಅಜ್ಜ ಗಲ್ಲಾದಲ್ಲಿ, ಅಜ್ಜಿ ಒಳಗೆ ಅಡುಗೆಯಲ್ಲಿ. ಅವರ ಒಬ್ಬಳೇ ಮಗಳು ನನ್ನ ಅಮ್ಮ. ಅಪ್ಪ ಕಲ್ಯಾಣದ ಒಂದು ಆಫೀಸಿನಲ್ಲಿ ಕ್ಲರ್ಕು. ಬೇರೆ ಮನೆ ಮಾಡುವ ಮಾತು ಪ್ರತಿ ದೀಪಾವಳಿಗೆ ಎದ್ದು, ಪ್ರತಿ ದೀಪಾವಳಿಗೆ ಮಲಗುತ್ತಿತ್ತು. ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಕೂಗಿದರೆ ನಮಗೆ ಗಡಿಯಾರ ಬೇಕಿರಲಿಲ್ಲ. ಪಾಳಿ ಮುಗಿಸಿದವರು, ಪಾಳಿಗೆ ಹೋಗುವವರು ಒಟ್ಟಿಗೇ ನುಗ್ಗುವಾಗ ಸಾಂಬಾರಿನ ಇಂಗಿನ ಜೊತೆ ಎಣ್ಣೆ, ಬೆವರು, ಬಣ್ಣದ ನೀರಿನ ವಾಸನೆಯೂ ಒಳಗೆ ಬರುತ್ತಿತ್ತು. ಈಗ ಯೋಚಿಸಿದರೆ ಅದು ಅಷ್ಟೇನೂ ಒಳ್ಳೆಯ ಗಾಳಿಯಲ್ಲ. ಆದರೆ ಹೋಟೆಲ್ ಮನೆಯಲ್ಲಿ ಬೆಳೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದನ್ನು ಒಂದೇ ಒಂದು ಸಲ ಉಸಿರಾಡಲು ನಾನು ಏನು ಕೊಡಲೂ ಸಿದ್ಧ ಎಂದರೆ ನಗಲಾರಿರಿ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬೇರೆ ಹೋಟೆಲುಗಳಲ್ಲಿ ಬೆಳಗಿನ ಮೊದಲ ಇಡ್ಲಿ ದೇವರ ಪಟದ ಮುಂದೆ ಹೋಗುತ್ತದೆ. ನಮ್ಮಲ್ಲಿ ದೇವರಿಗೆ ಎರಡನೆಯದ್ದು. ಮೊದಲ ಹಬೆಯ ಮೊದಲ ತಟ್ಟೆ ನಮ್ಮ ಗಲ್ಲಿಯಲ್ಲಿ ಯಾರು ಬಸುರಿಯೋ ಅವಳಿಗೆ. ಜಾತಿ, ಭಾಷೆ ಯಾವುದನ್ನೂ ಅಜ್ಜಿ ಕೇಳುತ್ತಿರಲಿಲ್ಲ. ಎರಡು ಇಡ್ಲಿ, ಚಟ್ನಿ, ಒಂದು ಲೋಟ ಹಾಲು ಹಿಡಿದು ತಾನೇ ಹೋಗುವಳು. ಚಟ್ನಿಯ ಬಟ್ಟಲು ಹಿಡಿದು ಹಿಂದೆ ನಾನು. ತಟ್ಟೆ ಇಟ್ಟು ಬರುವಂತಿರಲಿಲ್ಲ. ಅವಳು ತಿಂದು ಮುಗಿಸುವವರೆಗೆ ಎದುರಿಗೆ ಕೂತಿರಬೇಕು. ಕೂರುವ ಮೊದಲು ಒಂದು ಮಾತು ಕೇಳಬೇಕು: "ವನಸ್ ಆಂಡಾ?" ಊಟ ಆಯ್ತಾ ಎಂದು ತುಳುವಿನಲ್ಲಿ ಕೇಳುವ ಮಾತು. ಬೆಳಗ್ಗೆ ಆರೂವರೆಗೆ ಊಟ ಎಲ್ಲಿಂದ ಆಗಬೇಕು? ಆದರೂ ಕೇಳುವಳು. ಮರಾಠಿಯವರು, ಗುಜರಾತಿಯವರು ಎಲ್ಲರಿಗೂ ಆ ಎರಡು ಪದ ಬಾಯಿಪಾಠವಾಗಿತ್ತು. ಗಲ್ಲಿಯ ಮಕ್ಕಳು ಅಜ್ಜಿಯನ್ನು ಕಂಡರೆ ಅವಳಿಗಿಂತ ಮೊದಲು ತಾವೇ ಅದನ್ನು ಕೂಗಿ ಓಡುತ್ತಿದ್ದರು.

ಹಿಂದಿನ ಚಾಳಿನಲ್ಲಿ ಕಲಬುರ್ಗಿ ಕಡೆಯ ಗಂಗವ್ವ ಎಂಬವಳಿದ್ದಳು. ಅವಳ ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಏಳು ತಿಂಗಳ ಬಸುರಿ, ಕೈ ನೋಡಿದರೆ ಸೌದೆ ಕಡ್ಡಿ. ಒಂದು ಬೆಳಗ್ಗೆ ನಾವು ಹೋದಾಗ ಅವಳ ಅತ್ತೆ ಬಾಗಿಲಲ್ಲೇ ತಡೆದಳು. "ಬ್ಯಾಡ್ರೀ ಅಮ್ಮಾರ, ಭಾಳ ತಿಂದ್ರ ಕೂಸು ದೊಡ್ಡದಾಗ್ತೈತಿ. ಹೆರಿಗಿಗೆ ತ್ರಾಸ ಆಗ್ತೈತಿ ನೋಡ್ರಿ." ಆಕೆ ಕೆಟ್ಟವಳಲ್ಲ, ಸೊಸೆಯ ಹೆರಿಗೆ ಸಲೀಸಾಗಲಿ ಎಂದೇ ಹೇಳಿದ್ದು. ಆದರೆ ನನ್ನ ಅಜ್ಜಿ, ಯಾರ ಮೇಲೂ ದನಿ ಏರಿಸದ ಅಜ್ಜಿ, ಅಂದು ಕೆಂಡವಾದಳು. "ಸಣ್ಣ ಮಗು ಹೆರುದು ಒಂದು ದಿನದ ಸುಖ. ಆಮೇಲೆ ಆ ಮಗು ಅರವತ್ತು ವರ್ಷ ಬದುಕ್ಬೇಕಲ್ಲ, ಅದಕ್ಕೆ ಎಂತ ಮಾಡ್ತೀರಿ?" ಎಂದು ಕೇಳಿ, ಒಳಗೆ ಹೋಗಿ, ಗಂಗವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಗಂಗವ್ವ ಅತ್ತೆಯ ಮುಖ ಒಮ್ಮೆ, ತಟ್ಟೆಯನ್ನೊಮ್ಮೆ ನೋಡುತ್ತ, ಅಳುತ್ತ ತಿಂದಳು. ನಾನು ಚಟ್ನಿ ಬಟ್ಟಲು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಅಜ್ಜಿಗೆ ಇಷ್ಟು ಸಿಟ್ಟು ಯಾಕೆಂದು ಗೊತ್ತಾಗಲು ನನಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ನನ್ನ ಅಮ್ಮ ಸಣ್ಣ ಜೀವ. ತಿಂಗಳು ತುಂಬಿಯೇ ಹುಟ್ಟಿದರೂ ಅಂಗೈಯಗಲದ ಕೂಸಾಗಿದ್ದಳಂತೆ. ಸೂಲಗಿತ್ತಿ ಅವಳನ್ನು ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಿದ್ದಳಂತೆ. ಬೆಳೆದ ಮೇಲೂ ಅವಳ ಬಳೆ ನನ್ನ ಹತ್ತನೇ ವರ್ಷದ ಕೈಗೆ ಬಿಗಿಯಾಗುತ್ತಿತ್ತು. ಮೂವತ್ತೆರಡಕ್ಕೇ ಸಕ್ಕರೆ ಕಾಯಿಲೆ ಬಂತು. ಹೋಟೆಲಿನ ಮಗಳು, ಸಿಹಿ ತಿಂದು ತಿಂದು ಬಂದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಪಾಪ, ಅಮ್ಮನಿಗೆ ಸಿಹಿಯೇ ಸೇರುತ್ತಿರಲಿಲ್ಲ. ನನ್ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಮ್ಮ ನನ್ನನ್ನು ಹೊತ್ತಿದ್ದಾಗ ಅಜ್ಜಿ ಅವಳನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಬೆಳಗ್ಗೆ ತುಪ್ಪ ಸೋರುವ ಶೀರಾ, ಹನ್ನೊಂದಕ್ಕೆ ಗೋಳಿಬಜೆ, ಸಂಜೆ ಬಾಳೆಹಣ್ಣಿನ ಹಲ್ವ, ಮಲಗುವಾಗ ಮೆಂತೆ ಲಾಡು. "ಇಬ್ಬರಿಗೆ ಉಣ್ಬೇಕು ನೀನು, ನೆನಪುಂಟಲ್ಲ?" ಎಂದು ಬಾಯಿಗಿಡುವಳು. ಎರಡು ಹೆಜ್ಜೆ ನಡೆದರೆ ಗದರುವಳು. ಪರಿಣಾಮ ನಾನು. ಎಂಥ ದಪ್ಪ ಕೂಸೆಂದರೆ, ನೋಡಲು ಸ್ಟೇಷನ್ ಮಾಸ್ಟರರೂ ಬಂದಿದ್ದರಂತೆ. ಅಜ್ಜಿ ಊರಿಗೆಲ್ಲ ಪೇಡೆ ಹಂಚಿದಳು. ಶಾಲೆಯಲ್ಲಿ ನನ್ನ ಹೆಸರು ಡಬ್ಬಿ ಎಂದಾಯಿತು. ಆ ಹೆಸರಿಟ್ಟವರಿಗೆ ಪೇಡೆ ಸಿಕ್ಕಿರಲಿಲ್ಲವೇನೋ.

ಡಬ್ಬಿಯಾಗಿ ಬೆಳೆದವಳು ದೊಡ್ಡವಳಾದ ಮೇಲೆ ಏನು ಮಾಡುತ್ತಾಳೆ? ಊಟ ಬಿಡುತ್ತಾಳೆ. ಮದುವೆಯಾಗಿ ಡೊಂಬಿವಿಲಿಗೆ ಹೋದೆ, ಠಾಣೆ ಊರಿನಲ್ಲಿ ಕೆಲಸ ಸಿಕ್ಕಿತು. ಒಂದು ಚಹಾ, ಎರಡು ಬಿಸ್ಕತ್ತು, ಓಡಿ ಹತ್ತುವ ಲೋಕಲ್ಲು, ಮಧ್ಯಾಹ್ನದ ತನಕ ಅಷ್ಟೇ. ಹೊಟ್ಟೆಯಲ್ಲಿ ಶ್ರದ್ಧಾ ಇದ್ದಾಗಲೂ ಅದೇ. ಆರನೇ ತಿಂಗಳಲ್ಲಿ ಕೆಲವು ದಿನ ಇರಲು ಶಹಾಡಿಗೆ ಹೋದರೆ, ಗಲ್ಲಿಯ ಮೊದಲ ತಟ್ಟೆ ಈಗ ನನ್ನದು. ನಾನು ಬ್ಯಾಗು ಹೆಗಲಿಗೆ ಹಾಕಿ ನಿಂತೇ ಎರಡು ತುತ್ತು ನುಂಗಿ, "ಅಜ್ಜಿ, ಏಳು ಐದರದ್ದು ಹೋಗ್ತದೆ" ಎಂದು ಓಡಿದೆ. ಅವಳು ತಟ್ಟೆಯ ಮುಂದೆ ಹಾಗೇ ಕೂತಿದ್ದಳು.

ಸಂಜೆ ಬಂದಾಗ ಹಿಂದಿನ ಮೆಟ್ಟಿಲ ಮೇಲೆ ಇಡ್ಲಿ ಬಟ್ಟೆಗಳನ್ನು ಮಡಚುತ್ತ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮನೆಯಲ್ಲಿ ತುಳು ನಡೆಯುತ್ತಿದ್ದರೂ ಗಂಭೀರ ಮಾತುಗಳನ್ನು ಅವಳು ನನ್ನೊಡನೆ ಕನ್ನಡದಲ್ಲೇ ಆಡುತ್ತಿದ್ದಳು. "ನಿನ್ನ ಅಮ್ಮ ಹೊಟ್ಟೆಯಲ್ಲಿರುವಾಗ ಅಡುಗೆಭಟ್ಟರು ಬಿಟ್ಟು ಹೋಗಿದ್ರು. ಇಡೀ ಅಡುಗೆ ನಾನೇ. ಹೆಂಗಸರು ಕೊನೆಗೆ ಉಣ್ಣುದು ಕ್ರಮ. ಉಳಿದ್ರೆ ಅಡಿಯ ಅನ್ನ, ನೀರು ಸಾರು. ಮತ್ತೆ ಹಸಿವಾದ್ರೆ ಕಾಫಿ. ದಿನಾ ಇನ್ನೂರು ಮುನ್ನೂರು ಜನ ಉಂಡು ಹೋಗ್ತಿದ್ರು, ಎಲ್ಲರನ್ನೂ ಊಟ ಆಯ್ತಾ ಅಂತ ನಾನು ಕೇಳ್ತಿದ್ದೆ. ನನ್ನನ್ನು ಒಬ್ಬರೂ ಕೇಳ್ಲಿಲ್ಲ. ನಿನ್ನ ಅಜ್ಜನೂ ಕೇಳ್ಲಿಲ್ಲ. ಕೆಟ್ಟವರು ಅಂತ ಅಲ್ಲ ಮಾರಾಯ್ತಿ. ಹೋಟೆಲಿನವಳಿಗೆ ಹಸಿವಾಗ್ತದೆ ಅಂತ ಯಾರಿಗೆ ತೋಚ್ತದೆ?" ಬಟ್ಟೆಯೊಂದನ್ನು ಮೊಣಕಾಲ ಮೇಲೆ ಹರವಿ ಕೈಯಲ್ಲೇ ಇಸ್ತ್ರಿ ಮಾಡಿದಳು. "ಆಗ ನಾನು ಉಣ್ಣದ್ದು ಈಗ ನಿನ್ನ ಅಮ್ಮನ ಮೈಯಲ್ಲಿ ಉಂಟು." ನನಗೆ ಅಳು ಬಂತು. ಆದರೂ ಮರುದಿನ ಏಳು ಐದರದ್ದು ತಪ್ಪಿಸಲಿಲ್ಲ, ನಾನು ಅಂಥವಳು. ಶ್ರದ್ಧಾ ಮೂರು ವಾರ ಮೊದಲೇ, ಸಣ್ಣದಾಗಿ ಹುಟ್ಟಿದಳು. ಬಿಸ್ಕತ್ತಿನಿಂದಲೇ ಹಾಗಾಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ. ಹೇಳಿಕೊಂಡವಳು ನಾನೇ, ಮೂವತ್ತು ವರ್ಷ.

ಅಜ್ಜ ಹೋದರು, ಅಜ್ಜಿಯೂ ಹೋದಳು. ಹೋಟೆಲಿದ್ದಲ್ಲಿ ಈಗ ಹದಿನಾಲ್ಕು ಮಾಳಿಗೆಯ ಕಟ್ಟಡ. ನಮ್ಮ ಒಲೆಯಿದ್ದ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ. ಅಮ್ಮ ಸಕ್ಕರೆಯೊಂದಿಗೆ ಹೊಂದಿಕೊಂಡು, ದಿನಾ ಮಧ್ಯಾಹ್ನ ಫೋನು ಮಾಡಿ ನನ್ನನ್ನೂ ಮೊಮ್ಮಗಳನ್ನೂ "ವನಸ್ ಆಂಡಾ" ಎಂದು ಕೇಳುತ್ತ, ಎಪ್ಪತ್ತರ ಗಡಿ ದಾಟಿ ಹೋದಳು. ಉಣ್ಣದಿದ್ದರೂ ನಾನು ಆಯಿತು ಎನ್ನುತ್ತಿದ್ದೆ. ನಮ್ಮ ಮನೆಯ ಹೆಂಗಸರು ಆ ಪ್ರಶ್ನೆಗೆ ಇಲ್ಲ ಎಂದದ್ದನ್ನು ನಾನು ಕೇಳಿಯೇ ಇಲ್ಲ. ನಲವತ್ತೈದಕ್ಕೆ ನನಗೂ ಸಕ್ಕರೆ ಬಂತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಕ್ಕು ಗುಳಿಗೆ ನುಂಗಿದೆ.

ಶ್ರದ್ಧಾಳ ವಿಷಯದಲ್ಲಿ ಮಾತ್ರ ನಗಲಾಗಲಿಲ್ಲ. ರಬಾಳೆಯಲ್ಲಿ ಅವಳಿಗೆ ಕೆಲಸ, ದಿನಾ ಜಿಮ್ಮು, ಸಕ್ಕರೆಯಿಲ್ಲದ ಕಾಫಿ. ಬಸುರಿನ ಆರನೇ ತಿಂಗಳ ಪರೀಕ್ಷೆಯಲ್ಲಿ ಅವಳಿಗೂ ಸಕ್ಕರೆ ಕಂಡಿತು. ರಿಪೋರ್ಟನ್ನು ಮೇಜಿನ ಮೇಲೆ ಎಸೆದಳು. "ಮೈನೆ ಕ್ಯಾ ಗಲತ್ ಕಿಯಾ, ಅಮ್ಮಾ? ಸಬ್ ಕುಛ್ ತೋ ಠೀಕ್ ಕಿಯಾ!" ಎಂದಳು, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆನಲ್ಲ, ತಪ್ಪೆಲ್ಲಿ ಎಂದು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹೆಚ್ಚಾಗಿ ಹಿಂದಿಯಲ್ಲಿ. ನಾನು ರಿಪೋರ್ಟನ್ನು ಎತ್ತಿ ಮಡಚಿಟ್ಟೆ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ತಿಂದವರು ಬೇರೆ, ಕುಡಿಯುತ್ತಿರುವವಳು ನನ್ನ ಮಗಳು. ಅವಳ ಕೂಸಿಗೂ ಇದೇ ಕಾದಿದೆಯೇ ಎಂದು ಹೆದರಿದೆ.

ಶ್ರದ್ಧಾಳನ್ನು ನೋಡುತ್ತಿದ್ದ ಠಾಣೆಯ ಡಾಕ್ಟರಮ್ಮ ಮನೆಯವರ ಕಥೆ ಕೇಳಿದಾಗ ನಾನು ಅಜ್ಜಿಯಿಂದ ಹಿಡಿದು ಎಲ್ಲವನ್ನೂ, ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಹೊಟ್ಟೆಯಲ್ಲಿರುವಾಗ ಸೊರಗಿದ ಮಗುವಿಗೂ, ಅತಿಯಾಗಿ ಬೆಳೆದ ಮಗುವಿಗೂ ಮುಂದೆ ಈ ಕಾಯಿಲೆಯ ಸಂಭವ ಹೆಚ್ಚು ಎಂದರು. ಇನ್ನೊಂದು ಮಾತನ್ನೂ ಹೇಳಿದರು: ಹೆಣ್ಣುಮಗುವೊಂದು ತಾಯಿಯ ಹೊಟ್ಟೆಯಲ್ಲಿರುವಾಗಲೇ, ಮುಂದೆ ಅದು ಹೆರಲಿರುವ ಮಕ್ಕಳ ಬೀಜಗಳೂ ಅದರೊಳಗೆ ಆಗಿಬಿಟ್ಟಿರುತ್ತವೆ. ಹಾಗಾದರೆ ಅಜ್ಜಿ ಅಡಿಯ ಅನ್ನ ಉಣ್ಣುತ್ತಿದ್ದಾಗ ಅಮ್ಮನೊಳಗೆ ಒಂದು ಕಣವಾಗಿ ನಾನೂ ಅಲ್ಲೇ ಇದ್ದೆ. ಅಮ್ಮನಿಗೆ ಅವಳು ಹಲ್ವ ತಿನ್ನಿಸುತ್ತಿದ್ದಾಗ ನನ್ನೊಳಗಿದ್ದ ಶ್ರದ್ಧಾಳೂ ತಿನ್ನುತ್ತಿದ್ದಳು. ಹಸಿವಿನಿಂದ ಆದದ್ದನ್ನು ಅಜ್ಜಿ ತುಪ್ಪದಿಂದ ತಿದ್ದಲು ಹೋದಳು. ಅತಿಯಾದರೆ ಅಮೃತವೂ ವಿಷ ಎಂದು ಪ್ರೀತಿಗೆ ಯಾರು ಹೇಳಬೇಕು? ಡಾಕ್ಟರಮ್ಮ ಶ್ರದ್ಧಾಳ ಕೈ ಹಿಡಿದು, ಇದು ಯಾರ ತಪ್ಪೂ ಅಲ್ಲ, ಹಣೆಬರಹವೂ ಅಲ್ಲ, ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ತಿನ್ನು, ನಡೆ, ನಾನಿದ್ದೇನೆ ಎಂದರು.

ಮರುವಾರವೇ ನಾನು ಗಂಟುಮೂಟೆ ಕಟ್ಟಿ ಐರೋಳಿಗೆ ಬಂದೆ. ಆಗಲೇ ಹರಿದದ್ದು ಆ ಹಳೆಯ ಸೀರೆ. ರಾಗಿ ಬೆರೆಸಿದ ಎರಡು ಇಡ್ಲಿ, ಹೆಸರುಕಾಳಿನ ಪಲ್ಯ, ಸಿಹಿಯಿಲ್ಲ, ತುಪ್ಪ ಹೆಸರಿಗೆ ಮಾತ್ರ. ತಟ್ಟೆ ಇಟ್ಟು ಎದುರು ಕೂತೆ. ಹೀಗೆ ದುರುಗುಟ್ಟಿ ನೋಡಬೇಡ ಎಂದು ಮೊದಮೊದಲು ಶ್ರದ್ಧಾ ರೇಗಿದಳು: "ಐಸೇ ಘೂರೋ ಮತ್ ನಾ ಅಮ್ಮಾ, ಇದೇನು ಪೊಲೀಸ್ ಡ್ಯೂಟಿಯಾ?" ನಾನು ಕದಲಲಿಲ್ಲ. ಅವಳ ಫೋನು ನನ್ನ ಮಡಿಲಲ್ಲಿ, ನನ್ನ ಕಣ್ಣು ಅವಳ ತಟ್ಟೆಯಲ್ಲಿ. ಆಮೇಲೆ ಸೊಸೈಟಿಯ ಅಂಗಳದಲ್ಲಿ ಇಬ್ಬರೂ ಸುತ್ತು ಹಾಕುತ್ತಿದ್ದೆವು. ಸುತ್ತುವಾಗ ಕಥೆ ಹೇಳುತ್ತಿದ್ದೆ: ಗಂಗವ್ವನದ್ದು, ಮೆಟ್ಟಿಲ ಮೇಲಿನ ಸಂಜೆಯದ್ದು, ನನ್ನ ಏಳು ಐದರ ಲೋಕಲ್ಲಿನದ್ದು. ಕೊನೆಯದನ್ನು ಹೇಳಲು ತುಂಬ ದಿನ ಬೇಕಾಯಿತು. ಹೇಳಿ ಮುಗಿಸಿದಾಗ ಅವಳು ನನ್ನ ತೋಳಿಗೆ ತೋಳು ಸೇರಿಸಿ ಇನ್ನೊಂದು ಸುತ್ತು ನಡೆದಳು. ಸಕ್ಕರೆ ಹತೋಟಿಗೆ ಬಂತು. ಆ ತಿಂಗಳುಗಳು, ಹೆದರಿಕೆಯ ನಡುವೆಯೂ, ನನ್ನ ಜೀವನದ ಅತ್ಯಂತ ನೆಮ್ಮದಿಯ ದಿನಗಳು ಎಂದರೆ ನಂಬುತ್ತೀರಾ?

ಮಗು ಹುಟ್ಟಿದ್ದು ಒಂದು ಮಧ್ಯಾಹ್ನ. ಹೆಣ್ಣು. ನರ್ಸು ತೂಕ ನೋಡಿ, ತೀರಾ ಮಾಮೂಲಿ ದನಿಯಲ್ಲಿ "ನಾರ್ಮಲ್ ಆಹೆ" ಎಂದಳು. ನಾನು ಗೋಡೆ ಹಿಡಿದು ಅತ್ತುಬಿಟ್ಟೆ. ಅವಳು ಗಾಬರಿಯಾಗಿ, ಎಲ್ಲ ಸರಿ ಇದೆ ಆಜಿ, ಅಳುವುದ್ಯಾಕೆ ಎಂದಳು. ಅಂಗೈಯಗಲದ ಅಮ್ಮ, ಡಬ್ಬಿಯಂಥ ನಾನು, ಅವಸರದ ಶ್ರದ್ಧಾ ಆದ ಮೇಲೆ ನಮ್ಮಲ್ಲಿ ಒಬ್ಬಳು ಸುಮ್ಮನೆ ಸಾಧಾರಣವಾಗಿ ಹುಟ್ಟಿದ್ದಳು. ಆ ಪುಟ್ಟ ಹೊಟ್ಟೆಯೊಳಗೆ ಆಗಲೇ ಇನ್ಯಾರೋ ಇದ್ದಾರೆ ಎಂದು ನೆನೆದೆ. ಅಜ್ಜಿ ಇದ್ದಿದ್ದರೆ ಠಾಣೆಯ ತುಂಬ ಪೇಡೆ ಹಂಚುತ್ತಿದ್ದಳು.

ಮರುದಿನ ಬೆಳಗ್ಗೆ ಬಟ್ಟೆಯಲ್ಲಿ ಸುತ್ತಿದ ಇಡ್ಲಿ ಡಬ್ಬಿ ಹಿಡಿದು ಆಸ್ಪತ್ರೆಗೆ ಓಡಿದೆ. ತಟ್ಟೆ ಇಟ್ಟು, ಸ್ಟೂಲೆಳೆದು, ಎಂದಿನಂತೆ ಎದುರು ಕೂತೆ. ಕೂಸು ಪಕ್ಕದಲ್ಲಿ ನಿದ್ದೆಯಲ್ಲಿತ್ತು. ಶ್ರದ್ಧಾ ಒಂದು ಇಡ್ಲಿ ತಿಂದಳು. ಎರಡನೆಯದನ್ನು ಮುರಿದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಹುಟ್ಟಿದಂದಿನಿಂದ ಕೇಳುತ್ತಲೇ ಬಂದಿದ್ದ, ಎಂದೂ ಆಡದಿದ್ದ ಮಾತು ಅದು, ನಾಲಿಗೆ ತೊಡರುತ್ತ ಆಡಿದಳು: "ಅಮ್ಮಾ, ವನಸ್ ಆಂಡಾ?"

ಆಯಿತು ಎನ್ನಲು ಬಾಯಿ ತೆರೆದೆ. ಅಷ್ಟು ವರ್ಷಗಳ ಅಭ್ಯಾಸ. ಆಮೇಲೆ, "ಇಲ್ಲ" ಎಂದೆ. ಅವಳು ತಟ್ಟೆಯನ್ನು ನಮ್ಮಿಬ್ಬರ ನಡುವೆ ಸರಿಸಿ, ನಾನು ತಿಂದು ಮುಗಿಸುವವರೆಗೆ ನೋಡುತ್ತ ಕೂತಳು.