ಮೊಮ್ಮಗಳ ಎಲೆಗೆ ನಾನು ಚುಚ್ಚಿದ ಕಡ್ಡಿ

ಮಂಡಿ ಮೊಹಲ್ಲಾದ ಎಲೆ ಅಂಗಡಿಯವರು ನನ್ನ ಮೊಮ್ಮಗಳು ಹೊಲಿದ ಊಟದೆಲೆ ಒಪ್ಪಿಕೊಂಡರು! ವಾರವಾರವೂ ತನ್ನಿ ಎಂದರು. ನಾನು ಓದಿದ್ದು ಎರಡನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಮಗು ಅದು. ಈಗ ಹದಿನಾಲ್ಕು. ಮಾತು ಬಲು ಕಡಿಮೆ. ಗದ್ದಲವಾದರೆ ಎರಡು ಕಿವಿಯನ್ನೂ ಮುಚ್ಚಿಕೊಂಡು ಕೂರುತ್ತಾಳೆ. ಎರಡು ಸ್ಕೂಲಿನವರು ಇವಳಿಗೆ ಕಲಿಸಲಾಗದೆಂದು ವಾಪಸು ಕಳಿಸಿದರು. ಕೊನೆಗೆ ಟೀಚರಮ್ಮ ಒಬ್ಬರು ತಮ್ಮ ಮನೆ ಜಗಲಿಯಲ್ಲಿ ಇಂಥ ಆರೇಳು ಮಕ್ಕಳಿಗೆ ಕೈಕೆಲಸದಿಂದಲೇ ಪಾಠ ಹೇಳುತ್ತಾರೆಂದು ತಿಳಿದು ಅಲ್ಲಿ ಸೇರಿಸಿದೆವು. ಮುತ್ತುಗದ ಎಲೆ ನೆನೆಸುವುದು, ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟು ಸಣ್ಣ ಕಡ್ಡಿ ಚುಚ್ಚುವುದು. ಮೊದಲ ಊಟದೆಲೆಯನ್ನು ಪೂರ್ತಿ ತಾನೇ ಹೊಲಿಯಲು ಕಲಿಯುವ ಹೊತ್ತಿಗೆ ಎಂಟು ತಿಂಗಳು ಹಿಡಿಯಿತು.

ಅಂಗಡಿಗೆ ತೋರಿಸಲು ಒಂದು ಕಟ್ಟು ಸಿದ್ಧವಾದಾಗ ನನ್ನ ಮಗ ಹೇಳಿಬಿಟ್ಟ: "ಇದೂ ವಾಪಸ್ ಬಂದ್ರೆ ಸಾಕು ಬುಡಮ್ಮ. ಸ್ಕೂಲೂ ಬೇಡ, ಏನೂ ಬೇಡ. ಮನೇಲೇ ಇರ್ಲಿ."

ಅಂದಿನಿಂದ ನನಗೆ ತುತ್ತು ಇಳಿಯಲಿಲ್ಲ. ನಿನ್ನೆ ಅವಳು ಸ್ನಾನಕ್ಕೆ ಹೋದಾಗ ಕಟ್ಟು ಬಿಚ್ಚಿದೆ. ಹೊಲಿಗೆ ದೂರದೂರ ಬಿದ್ದಿದೆ ಅನ್ನಿಸಿತು. "ಅಜ್ಜಿ, ನೀವು ಮಾತ್ರ ಕೈ ಹಾಕ್ಬೇಡಿ" ಎಂದು ಟೀಚರಮ್ಮ ಎಷ್ಟು ಸಲ ಹೇಳಿದ್ದರೋ! ಕೇಳಲಿಲ್ಲ ನಾನು. ಮೇಲಿನ ಮೂರು ಎಲೆಗೆ ನಡುನಡುವೆ ಇನ್ನಷ್ಟು ಕಡ್ಡಿ ಚುಚ್ಚಿ, ಕಟ್ಟಿಟ್ಟುಬಿಟ್ಟೆ.

ಈವತ್ತು ಬೆಳಿಗ್ಗೆ ಟೀಚರಮ್ಮನೂ ನಮ್ಮ ಜೊತೆ ಅಂಗಡಿಗೆ ಬಂದರು. ಅಲ್ಲಿ ಕಟ್ಟು ಬಿಚ್ಚಿದ್ದೇ ತಡ, ಹುಡುಗಿ ಮುಂದೆ ನುಗ್ಗಿ ನನ್ನ ಕಡ್ಡಿಗಳನ್ನು ಒಂದೊಂದಾಗಿ ಕೀಳತೊಡಗಿದಳು. ಗಂಟಲಲ್ಲೇ ಏನೋ ಗೊಣಗಾಟ. ಮೂಟೆ ಇಳಿಸುತ್ತಿದ್ದವರೂ ನಿಂತು ನೋಡಿದರು.

"ಇದೇನಮ್ಮಾ, ಹೊಲ್ದಿದ್ದನ್ನ ತಾನೇ ಕೀಳ್ತಾವ್ಳೆ?" ಎಂದರು ಅಂಗಡಿಯವರು.

ತಡೆಯಲು ಹೋದೆ. ಟೀಚರಮ್ಮ ಅವಳ ಕೈ ಹಿಡಿಯಲಿಲ್ಲ, ನನ್ನ ಕೈ ಹಿಡಿದರು.

ಅಂಗಡಿಯವರು ಅಡಿಯಿಂದ ಒಂದು ಎಲೆ ಎಳೆದು ನೀರು ಸುರಿದರು. ನೀರು ನಿಂತಿತು. ಇನ್ನೊಂದು, ಅದರಲ್ಲೂ ನಿಂತಿತು. ನಾನು ಚುಚ್ಚಿದ್ದ ಮೂರರಲ್ಲಿ ಅವಳು ಇನ್ನೂ ಮುಟ್ಟಿರದ ಒಂದಕ್ಕೆ ಸುರಿದರೆ ನೀರೆಲ್ಲ ಅವರ ಪಂಚೆಯ ಮೇಲೆ.

"ಒಣಗಿದ್ ಮೇಲೆ ಚುಚ್ಚಿದ್ರೆ ಸೀಳ್ದೆ ಇರ್ತದಾ? ಯಾರು ಈ ಕೆಲ್ಸ ಮಾಡ್ದೋರು?"

"ನಾನೇ ಕಣಪ್ಪ."

ಅವರು ಪಂಚೆ ಹಿಂಡಿಕೊಳ್ಳುತ್ತಾ ನಕ್ಕುಬಿಟ್ಟರು. "ಅಜ್ಜಿ, ನೀವು ಮನೇಲಿರಿ. ಹುಡುಗೀನ ಕಳ್ಸಿ."

ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಲೇ ಮನೆ ಸೇರಿದೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ತಲೆ ಎತ್ತದೆಯೇ, "ನಾಳೆ ಟೀಚರಮ್ಮನ ಮನೇಗೆ ಇವಳ್ನ ನಾನೇ ಬುಟ್ಟು ಬರ್ತೀನಿ" ಎಂದ. ಹುಡುಗಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸುತ್ತಿದ್ದಳು. ಸೊಸೆ ಕೇಳದೆಯೇ ನನಗೆ ಇನ್ನೊಂದು ಮುದ್ದೆ ಇಟ್ಟಳು. ಬೇಡ ಎನ್ನದೆ ಉಂಡೆ.